ಹಳೆಯ ಅಲ್ಯೂಮಿನಿಯಂ ದೋಣಿಗೆ ಎಷ್ಟು ಕೈ ಹಾಕಬೇಕು?

ಅಮೆರಿಕದಲ್ಲಿ ನೆಲೆಸಿ ಗಾಳದ ಹುಚ್ಚು ಹತ್ತಿಸಿಕೊಂಡ ಕನ್ನಡಿಗರು ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಯಾರದೋ ಹಿತ್ತಿಲಲ್ಲಿ ಟಾರ್ಪಾಲು ಹೊದ್ದು ಬಿದ್ದಿರುವ 14 ಅಡಿಯ ಅಲ್ಯೂಮಿನಿಯಂ ದೋಣಿ, ಟ್ರೈಲರ್ ಸಮೇತ, ಹೊಸದರ ಬೆಲೆಯ ಸಣ್ಣದೊಂದು ಪಾಲಿಗೆ ಸಿಗುತ್ತದೆ. ಕೊಂಡ ಮೇಲೆ ತಲೆಬಿಸಿ ಶುರು. ಸೋರುವಲ್ಲಿ ಮುಚ್ಚಿ ನೀರಿಗೆ ಇಳಿಸುವುದೇ? ಒಳಗಿನದೆಲ್ಲ ಕಿತ್ತು ಮೊದಲಿದ್ದ ಹಾಗೆ ಹೊಸದಾಗಿ ಕಟ್ಟುವುದೇ? ಬೆಂಚುಗಳನ್ನು ತೆಗೆದು ಡೆಕ್ (ನಿಲ್ಲಲು ಎತ್ತರಿಸಿದ ಹಲಗೆಹಾಸು), ತಿರುಗುವ ಕುರ್ಚಿ, ಮೀನಿನ ತೊಟ್ಟಿ, ದೀಪಗಳನ್ನೆಲ್ಲ ಹಾಕಿ ಬಾಸ್ ಎಂಬ ಮೀನು ಹಿಡಿಯುವವರ ದೋಣಿ ಮಾಡಿಬಿಡುವುದೇ? ಅಥವಾ ಬಂದ ಬೆಲೆಗೆ ಮಾರಿ ಹೊಸದನ್ನೇ ತರುವುದೇ?

ನಾಲ್ಕಕ್ಕೂ ಸರಿಹೊಂದುವ ಜನ ಇದ್ದಾರೆ. ಆದರೆ ಹೆಚ್ಚಿನವರು ಡಾಲರಿನ ಲೆಕ್ಕ ಹಾಕಿ ತೂಕದ ಲೆಕ್ಕ ಮರೆಯುತ್ತಾರೆ. ಸಣ್ಣ ದೋಣಿಯಲ್ಲಿ ಕಡೆಗೆ ಕೈಕಟ್ಟುವುದು ಹಣವಲ್ಲ, ತೂಕ.

ಈ ದೋಣಿಗಳ ಹುಟ್ಟನ್ನು ಸ್ವಲ್ಪ ತಿಳಿದರೆ ಎಲ್ಲಿ ಕೈ ಹಾಕಬೇಕೆಂಬುದು ತಾನೇ ತಿಳಿಯುತ್ತದೆ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ವಿಮಾನದ ಅಲ್ಯೂಮಿನಿಯಂ ಹಾಳೆಗೆ ರಿವೆಟ್ (ಹಾಳೆಗಳನ್ನು ಜೋಡಿಸುವ ಮೊಳೆ) ಹೊಡೆದು ಪಳಗಿದ ಕೈಗಳು ಬೇಕಾದಷ್ಟಿದ್ದವು. ಯುದ್ಧವಿಮಾನ ಕಟ್ಟುತ್ತಿದ್ದ ಗ್ರಮ್ಮನ್ ಕಂಪನಿ ಅಲ್ಯೂಮಿನಿಯಂ ಕನೂ ಎಂಬ ಕಿರುದೋಣಿ ಮಾಡತೊಡಗಿತು. ಮಿನ್ನೆಸೋಟದಲ್ಲಿ 1946ರಲ್ಲಿ ಅಲ್ಯುಮಾಕ್ರಾಫ್ಟ್, 1948ರಲ್ಲಿ ಲುಂಡ್ ಹುಟ್ಟಿದವು. ಆ ರಿವೆಟ್ ವಿದ್ಯೆಯ ದೋಣಿಗಳ ಲೋಹ ಐವತ್ತು ವರ್ಷ ದಾಟಿಯೂ ಬಾಳುತ್ತದೆ. ಸಾಯುವುದು ಒಳಗಿನ ಮರ ಮತ್ತು ತೇಲಿಸಲು ತುಂಬಿದ ಫೋಮ್. ಮಲ್ಪೆ, ಗಂಗೊಳ್ಳಿ ಕಡೆ ಮರದ ದೋಣಿ, ಫೈಬರ್ ದೋಣಿ ನೋಡಿ ಬೆಳೆದವರು ಇಲ್ಲಿ ಮೊದಲು ಹೊರಮೈಯ ತಗ್ಗು, ಗೀರುಗಳನ್ನು ನೋಡಿ ಗಾಬರಿಯಾಗುತ್ತಾರೆ. ಗಾಬರಿಯಾಗಬೇಕಾದ ಜಾಗ ಅದಲ್ಲ.

ಮೊದಲು ತೀರ್ಮಾನವಾಗಬೇಕಾದವು

ಯಾವ ನೀರು ಎಂಬುದು ಮೊದಲ ಪ್ರಶ್ನೆ. ಪೆನ್ಸಿಲ್ವೇನಿಯದ ಮಾರ್ಷ್ ಕ್ರೀಕ್ ಸರೋವರದಲ್ಲಿ ಪೆಟ್ರೋಲ್ ಮೋಟಾರಿಗೆ ಅವಕಾಶವೇ ಇಲ್ಲ. ವಿದ್ಯುತ್ ಮೋಟಾರು, ಹುಟ್ಟು, ಹಾಯಿ ಮಾತ್ರ. ಹತ್ತಿರದ ಎಕ್ಸ್‌ಟನ್‌ನಲ್ಲಿದ್ದು ವಾರಾಂತ್ಯಕ್ಕೆ ಅಲ್ಲಿಗೆ ಹೋಗುವವರು 25 ಅಶ್ವಶಕ್ತಿಯ ಮೋಟಾರಿಗೆಂದು ಟ್ರಾನ್ಸಮ್ (ಮೋಟಾರು ತೂಗುವ ಹಿಂಗೋಡೆ) ಬಲಪಡಿಸುತ್ತ ಕೂರುವುದು ವ್ಯರ್ಥ. ನ್ಯೂಜೆರ್ಸಿಯ ರೌಂಡ್ ವ್ಯಾಲಿಯಲ್ಲಿ ಹತ್ತರ ಆಸುಪಾಸಿನ ಅಶ್ವಶಕ್ತಿಯ ಮಿತಿ ಇದೆ. ಮಿನ್ನೆಸೋಟದ ಮಿಲ್ಲೆ ಲ್ಯಾಕ್ಸ್ ಹಾಗಲ್ಲ. ಅದು ವಿಶಾಲ, ಆದರೆ ಆಳ ಕಡಿಮೆ. ಗಾಳಿ ಎದ್ದರೆ ಅಲೆ ಬೇಗ ಏರುತ್ತದೆ. ಅಲ್ಲಿ ಚಪ್ಪಟೆ ತಳದ ಜಾನ್ ದೋಣಿಗೆ ಎಷ್ಟು ಶೃಂಗಾರ ಮಾಡಿದರೂ ಅದು ಅಲ್ಲಿಯ ದೋಣಿಯಾಗುವುದಿಲ್ಲ. ವಿ ಆಕಾರದ ಆಳ ತಳವೇ ಬೇಕು. ತಳದ ಆಕಾರವನ್ನು ಯಾವ ರಿಪೇರಿಯೂ ಬದಲಿಸುವುದಿಲ್ಲ.

ಎರಡನೆಯದು ತೂಕ. 1972ರ ನವೆಂಬರ್‌ನಿಂದ ಈಚೆಗೆ ತಯಾರಾದ, 20 ಅಡಿಗಿಂತ ಚಿಕ್ಕದಾದ ಮೋಟಾರು ದೋಣಿಗಳಲ್ಲಿ ಹಿಂಬದಿಯ ಒಳಗೋಡೆಯ ಮೇಲೋ ಪಕ್ಕದಲ್ಲೋ ಭಾರಮಿತಿಯ ಫಲಕ ಇರುತ್ತದೆ. ಎಷ್ಟು ಜನ, ಒಟ್ಟು ಎಷ್ಟು ಪೌಂಡ್, ಎಷ್ಟು ಅಶ್ವಶಕ್ತಿ ಎಂದು ಅದರಲ್ಲಿ ಬರೆದಿರುತ್ತದೆ. ಜನ, ಮೋಟಾರು, ಸಾಮಾನು ಸೇರಿ 900 ಪೌಂಡ್ ಎಂದಿದೆ ಎಂದುಕೊಳ್ಳಿ. ಮೂವರು ದೊಡ್ಡವರು 510, 9.9 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಮೋಟಾರು 90, ತುಂಬಿದ ಇಂಧನದ ಡಬ್ಬಿ 45, ಸೀಸದ ಬ್ಯಾಟರಿ 60, ಲಂಗರು, ಗಾಳ, ಐಸ್ ಪೆಟ್ಟಿಗೆ 60. ಅಲ್ಲಿಗೆ 765. ಉಳಿದದ್ದು 135 ಪೌಂಡ್. ಎರಡು ಹಾಳೆ ಪ್ಲೈವುಡ್, ಕೆಳಗಿನ ಚೌಕಟ್ಟು, ಮೇಲಿನ ಕಾರ್ಪೆಟ್ ಸೇರಿದ ಸಾಧಾರಣ ಡೆಕ್ ಅಷ್ಟನ್ನೂ ನುಂಗಿಬಿಡುತ್ತದೆ. ಡೆಕ್ ಕಟ್ಟಿದ ಮೇಲೆ ಮೂರನೆಯ ಸ್ನೇಹಿತನನ್ನು ದಡದಲ್ಲೇ ಬಿಡಬೇಕಾದೀತು.

ಮೂರನೆಯದು ಜಾಗ. ಅನೇಕ ಬಡಾವಣೆಗಳಲ್ಲಿ ಮನೆ ಮಾಲೀಕರ ಸಂಘದ ನಿಯಮದ ಪ್ರಕಾರ ದೋಣಿಯನ್ನು ಮನೆಯ ಮುಂದೆ ತಿಂಗಳುಗಟ್ಟಲೆ ನಿಲ್ಲಿಸುವಂತಿಲ್ಲ. ಗ್ಯಾರೇಜಿನಲ್ಲಿ ಟ್ರೈಲರಿನ ಮೂತಿ ಸಮೇತ ಹಿಡಿಸುತ್ತದೆಯೇ ಎಂದು ಅಳೆಯಿರಿ. ಹಿಡಿಸದಿದ್ದರೆ ಪೂರ್ತಿ ಬಿಚ್ಚಿ ಕಟ್ಟುವ ಯೋಚನೆಯನ್ನು ಅಲ್ಲಿಗೇ ಬಿಡಿ. ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿಗೆ ಬೆಚ್ಚಗಿನ ಒಣ ಜಾಗ ಬೇಕು, ಉತ್ತರದ ಚಳಿಯಲ್ಲಿ ಹೊರಗೆ ಅದು ಗಟ್ಟಿಯಾಗುವುದಿಲ್ಲ. ಹಣದ ಮಾತು ಇವೆಲ್ಲ ಆದ ಮೇಲೆ.

ಟ್ರಾನ್ಸಮ್: ಇಲ್ಲಿ ಜಿಪುಣತನ ಬೇಡ, ದುಂದೂ ಬೇಡ

ಮೋಟಾರು ತೂಗುವ ಹಿಂಬದಿಯ ಗೋಡೆಯೇ ಟ್ರಾನ್ಸಮ್. ಹೊರಗೆ ತೆಳು ಅಲ್ಯೂಮಿನಿಯಂ, ಒಳಗೆ ಸಾಮಾನ್ಯವಾಗಿ ಒಂದೂವರೆ ಅಂಗುಲ ದಪ್ಪದ ಪ್ಲೈವುಡ್. ಪರೀಕ್ಷೆ ಸುಲಭ. ಮೋಟಾರನ್ನು ಬಾಗಿಸಿ ಅದರ ಕೆಳತುದಿಯನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಒತ್ತಿ; ಕಣ್ಣು ಮಾತ್ರ ಗೋಡೆಯ ಮೇಲಂಚಿನ ಮೇಲಿರಲಿ. ಅದು ಬಾಗಿದರೆ ಅನುಮಾನ ಬೇಡ. ಇನ್ನೂ ಖಾತರಿ ಬೇಕಿದ್ದರೆ ಒಳಬದಿಯಿಂದ ಸಣ್ಣ ತೂತು ಕೊರೆಯಿರಿ. ತಿಳಿ ಬಣ್ಣದ ಒಣ ಹೊಟ್ಟು ಉದುರಿದರೆ ಮರ ಗಟ್ಟಿಯಾಗಿದೆ. ಡ್ರಿಲ್ಲಿನ ಸುರುಳಿಗೆ ಕಾಫಿ ಗಸಿಯಂಥ ಕಪ್ಪು ಹಿಟ್ಟು ಮೆತ್ತಿಕೊಂಡು ಬಂದರೆ ಮೇಲೆ ಹೇಳಿದ ನಾಲ್ಕು ದಾರಿಗಳಲ್ಲಿ ಮೊದಲನೆಯದು, ಸೋರುವಲ್ಲಿ ಮುಚ್ಚಿ ನೀರಿಗೆ ಇಳಿಸುವುದು, ಮುಚ್ಚಿತು.

ಹೊಸ ಮರಕ್ಕೆ ಅಂಗಡಿಯಲ್ಲಿ ಮೂರು ಬಗೆಯ ಹಾಳೆ ಸಿಗುತ್ತವೆ. ಹೊರಾಂಗಣ ದರ್ಜೆಯ ಪ್ಲೈವುಡ್ ಅಗ್ಗ. ಮೆರೈನ್ ಪ್ಲೈವುಡ್‌ಗೆ ಬೆಲೆ ಹೆಚ್ಚು. ಕೂಸಾ ಎಂಬ, ಗಾಜಿನ ನಾರು ಸೇರಿದ ಪಾಲಿಯುರೆಥೇನ್ ಹಲಗೆ ಇನ್ನೂ ಎಷ್ಟೋ ಪಟ್ಟು ದುಬಾರಿ. ಮೆರೈನ್ ಎಂದರೆ ಕೊಳೆಯುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅದರ ಪದರಗಳ ನಡುವೆ ಪೊಳ್ಳು ಕಡಿಮೆ, ಅಂಟು ನೀರಿಗೆ ಬಿಡುವುದಿಲ್ಲ, ಅಷ್ಟೇ. ನೀರು ಒಳಹೊಕ್ಕರೆ ಆ ಮರವೂ ಕೊಳೆಯುತ್ತದೆ. ಕೂಸಾ ಕೊಳೆಯುವುದೇ ಇಲ್ಲ, ತೂಕವೂ ಮೂರನೇ ಒಂದು ಭಾಗದಷ್ಟು ಕಡಿಮೆ. ಆದರೆ 14 ಅಡಿಯ ದೋಣಿಯ ಟ್ರಾನ್ಸಮ್‌ಗೆ ಎರಡು ಪದರ ಸೇರಿ ಹಿಡಿಯುವುದು ಅರ್ಧ ಹಾಳೆಗಿಂತ ತುಸು ಹೆಚ್ಚು. ಉಳಿಯುವ ತೂಕ ಹತ್ತು ಹನ್ನೆರಡು ಪೌಂಡ್. ಅಷ್ಟಕ್ಕಾಗಿ ಪೂರ್ತಿ ಹಾಳೆಯ ಬೆಲೆ ತೆರುವುದು ನನಗೆ ಒಪ್ಪಿಗೆಯಿಲ್ಲ. ಒಳ್ಳೆಯ ಹೊರಾಂಗಣ ಪ್ಲೈವುಡ್ಡಿನ ಮುಕ್ಕಾಲು ಅಂಗುಲದ ಎರಡು ಪದರಗಳನ್ನು ಅಂಟಿಸಿ, ಆರೂ ಮುಖಗಳಿಗೆ ಎಪಾಕ್ಸಿ ಕುಡಿಸಿದರೆ ದೋಣಿಯ ಮುಂದಿನ ಒಡೆಯನ ಕಾಲದವರೆಗೂ ಅದು ಬಾಳುತ್ತದೆ. ಬಿಸಿಲು ಮಳೆಯಲ್ಲಿ ವರ್ಷವಿಡೀ ಹೊರಗೇ ನಿಲ್ಲುವ ದೋಣಿಯಾದರೆ ಮಾತ್ರ ಕೂಸಾಕ್ಕೆ ಅರ್ಥವಿದೆ.

ಮರ ಕೊಳೆಯುವುದು ಹಾಳೆಯ ನಡುವಿನಿಂದಲ್ಲ, ಬೋಲ್ಟಿನ ತೂತಿನಿಂದ. ಬೇಕಾದುದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ಗಟ್ಟಿ ಎಪಾಕ್ಸಿಯಿಂದ ತುಂಬಿ, ಆರಿದ ಮೇಲೆ ಅದರ ನಡುವೆ ಸರಿ ಅಳತೆಯ ತೂತು ಕೊರೆಯಿರಿ. ಆಗ ಬೋಲ್ಟ್ ಮರವನ್ನು ಮುಟ್ಟುವುದೇ ಇಲ್ಲ. ಒಂದು ಸಂಜೆಯ ಕೆಲಸ. ಕೂಸಾ ಕೊಡುವ ಲಾಭದ ಬಹುಪಾಲು ಇದರಲ್ಲೇ ಸಿಕ್ಕಿಬಿಡುತ್ತದೆ. ಹಳೆಯ ಮರ ಎಷ್ಟೇ ಪುಡಿಯಾಗಿದ್ದರೂ ಹೊಸದನ್ನು ಕತ್ತರಿಸುವವರೆಗೆ ಎಸೆಯಬೇಡಿ. ಅಳತೆಗೆ ಅದೇ ಆಧಾರ.

ಗೆದ್ದಲು, ಕೊಳೆ ಹಿಡಿಯದಂತೆ ರಾಸಾಯನಿಕ ಉಣಿಸಿದ ಹಸಿರು ಛಾಯೆಯ ಮರವನ್ನು ಮಾತ್ರ ದೋಣಿಯ ಹತ್ತಿರವೂ ತರಬೇಡಿ. ಅದರಲ್ಲಿ ತಾಮ್ರವಿದೆ. ಒದ್ದೆಯಾದ ತಾಮ್ರ ಅಲ್ಯೂಮಿನಿಯಂಗೆ ತಾಗಿದರೆ ಎರಡೂ ಸೇರಿ ಬ್ಯಾಟರಿಯ ಕೆಲಸ ಮಾಡುತ್ತವೆ. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗುತ್ತ ಸೂಜಿತೂತುಗಳಾಗುತ್ತವೆ. ತಳದಲ್ಲಿ ಬಿದ್ದು ಮರೆತುಹೋದ ಒಂದು ಸೆಂಟಿನ ನಾಣ್ಯಕ್ಕೂ ಹಳಬರು ಹೆದರುವುದು ಇದೇ ಕಾರಣಕ್ಕೆ.

ಸೋರಿಕೆ: ಮುಚ್ಚುವುದೋ, ಬಿಗಿಸುವುದೋ

ಸೋರುವ ಜಾಗ ಹುಡುಕಲು ದೋಣಿಯನ್ನು ನೀರಿಗಿಳಿಸುವ ಬದಲು ನೀರನ್ನು ದೋಣಿಗೆ ಇಳಿಸಿ. ಟ್ರೈಲರಿನ ಮೇಲೆ ನಿಲ್ಲಿಸಿ, ಒಳಗೆ ಹೋಸ್ ಬಿಟ್ಟು, ಹೊರಗಿನಿಂದ ಹನಿಯುವ ರಿವೆಟ್‌ಗಳಿಗೆ ಮಾರ್ಕರಿನಿಂದ ಗುರುತು ಹಾಕಿ. ತುಂಬ ತುಂಬಿಸಬೇಡಿ. 14 ಅಡಿ ಉದ್ದ, ಸರಾಸರಿ 3 ಅಡಿ ಅಗಲದ ತಳದಲ್ಲಿ ನಾಲ್ಕು ಅಂಗುಲ ನೀರು ನಿಂತರೆ ಸುಮಾರು 870 ಪೌಂಡ್ ಆಗುತ್ತದೆ. ಹಳೆಯ ಟ್ರೈಲರ್ ಅದಕ್ಕೇ ಕುಸಿದೀತು. ಮೂತಿ ಎತ್ತಿ ಹಿಂಭಾಗವನ್ನೊಮ್ಮೆ, ಹಿಂಭಾಗ ಎತ್ತಿ ಮುಂಭಾಗವನ್ನೊಮ್ಮೆ ನೋಡಿದರೆ ಸಾಕು.

ಅಗ್ಗದ ದಾರಿ, ಒಳಗಿನಿಂದ ರಿವೆಟ್ ಸಾಲಿಗೂ ಜೋಡಣೆಗೂ ಗ್ಲೂವಿಟ್‌ನಂಥ ತೆಳು ಎಪಾಕ್ಸಿ ಬಳಿಯುವುದು. ಮೇಲ್ಮೈಯನ್ನು ಲೋಹದ ಹೊಳಪು ಬರುವವರೆಗೆ ಉಜ್ಜಿ, ಜಿಡ್ಡು ತೆಗೆದು ಬಳಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಹಳೆಯ ಬಣ್ಣದ ಮೇಲೆಯೇ ಬಳಿದರೆ ಬಣ್ಣದ ಜೊತೆಗೇ ಎದ್ದುಬರುತ್ತದೆ. ಆದರೆ ರಿವೆಟ್ ಸಡಿಲವಾಗಿ ಅಲುಗುತ್ತಿದ್ದರೆ ಯಾವ ಅಂಟೂ ಅದನ್ನು ಬಹಳ ದಿನ ಹಿಡಿಯುವುದಿಲ್ಲ. ಆಗ ಇಬ್ಬರು ಬೇಕು. ಒಬ್ಬರು ಹೊರಗಿನಿಂದ ರಿವೆಟ್‌ನ ತಲೆಗೆ ಗಾಳಿ ಸುತ್ತಿಗೆ ಹಿಡಿಯಬೇಕು, ಇನ್ನೊಬ್ಬರು ಒಳಗಿನ ತುದಿಗೆ ಭಾರದ ಉಕ್ಕಿನ ತುಂಡು ಒತ್ತಿ ಹಿಡಿಯಬೇಕು. ಒಳಗಿನ ತುದಿ ಚಪ್ಪಟೆಯಾಗಿ ಹರಡಿದಾಗ ಹಾಳೆಗಳು ಮತ್ತೆ ಬಿಗಿಯುತ್ತವೆ. ಇದಕ್ಕೆ ನೆಲಹಾಸು ತೆಗೆದಿರಲೇಬೇಕು. ಆದ್ದರಿಂದ ರಿವೆಟ್ ಬಿಗಿಸುವ ಕೆಲಸ ಎಲ್ಲ ಕಿತ್ತು ಕಟ್ಟುವ ಎರಡನೆಯ ದಾರಿ ಹಿಡಿದವರಿಗೆ ಸಹಜವಾಗಿ ಒದಗುತ್ತದೆ, ಮೊದಲನೆಯ ದಾರಿಯವರಿಗೆ ದುಬಾರಿಯಾಗುತ್ತದೆ.

ಸೋರುವ ರಿವೆಟ್‌ಗೆ ವೆಲ್ಡಿಂಗ್ ಮಾಡಿಸಿಬಿಡಿ ಎನ್ನುವ ಸಲಹೆ ಧಾರಾಳವಾಗಿ ಸಿಗುತ್ತದೆ. ಕೇಳಬೇಡಿ. ತೆಳು ಹಾಳೆ ಕಾದಾಗ ಪಕ್ಕದ ರಿವೆಟ್‌ಗಳು ಸಡಿಲವಾಗುತ್ತವೆ, ಹೊಸ ಸೋರಿಕೆ ಶುರುವಾಗುತ್ತದೆ. ಬಿರುಕು ಬಿಟ್ಟ ಪಕ್ಕೆಗೆ (ತಳದ ಒಳಗಿನ ಅಡ್ಡ ಆಧಾರಕ್ಕೆ) ಪಳಗಿದ ಕೈಯ ಟಿಗ್ ಎಂಬ ನಾಜೂಕಿನ ವೆಲ್ಡಿಂಗ್ ಆದೀತು, ಅದೂ ಅನಿವಾರ್ಯವಾದರೆ.

ನೆಲ, ಡೆಕ್, ಫೋಮ್

ಅಲ್ಯೂಮಿನಿಯಂ ನೆಲ ಹಗುರ ಎಂಬ ಮಾತು ಅರ್ಧ ನಿಜ. ಅರ್ಧ ಅಂಗುಲದ ಪ್ಲೈವುಡ್‌ನ 4x8 ಅಡಿ ಹಾಳೆ ಒಣಗಿದ್ದಾಗ ಸುಮಾರು 45 ಪೌಂಡ್ ತೂಗುತ್ತದೆ. ಅದೇ ಅಳತೆಯ, ಒಂದು ಅಂಗುಲದ ಎಂಟನೇ ಒಂದು ಭಾಗ ದಪ್ಪದ ಅಲ್ಯೂಮಿನಿಯಂ 56 ಪೌಂಡ್! 0.09 ಅಂಗುಲದ್ದಾದರೆ 40ರ ಆಸುಪಾಸು, ಆದರೆ ಅಷ್ಟು ತೆಳುವಾದುದಕ್ಕೆ ಕೆಳಗೆ ಹತ್ತಿರ ಹತ್ತಿರ ಆಧಾರ ಕೊಡಬೇಕು. ಅಲ್ಯೂಮಿನಿಯಂ ಗೆಲ್ಲುವುದು ಮೂರನೆಯ ವರ್ಷದಲ್ಲಿ, ಪಕ್ಕದ ಪ್ಲೈವುಡ್ ನೀರು ಕುಡಿದು ಭಾರವಾದಾಗ. ಬಿಸಿಲಿನಲ್ಲಿ ಕಾಲು ಸುಡುವುದು, ಗಾಳದ ಸೀಸದ ಗುಂಡು ಬಿದ್ದರೆ ಮೀನು ಓಡಿಹೋಗುವಷ್ಟು ಸದ್ದು, ಒದ್ದೆಯಾದರೆ ಜಾರುವುದು ಅದರ ದೋಷಗಳು. ಮೇಲೆ ಇವಿಎ ಎಂಬ ಮೆತ್ತನೆಯ ಫೋಮ್ ಹಾಸಿದರೆ ಮೂರಕ್ಕೂ ಪರಿಹಾರ. ಪ್ಲೈವುಡ್ಡೇ ಸಾಕು ಎನ್ನುವವರು ಎಪಾಕ್ಸಿ ಬಳಿದು ಮೇಲೆ ವಿನೈಲ್ ಹಾಸಲಿ. ಕಾರ್ಪೆಟ್ ನೋಡಲು ಚೆನ್ನ, ಆದರೆ ನೀರು ಹಿಡಿದಿಟ್ಟುಕೊಂಡು ಕೆಳಗಿನ ಮರವನ್ನೂ ಲೋಹವನ್ನೂ ತಿನ್ನುತ್ತದೆ. ಅದರಲ್ಲಿ ಸಿಕ್ಕಿಕೊಂಡ ತ್ರಿಮುಖ ಗಾಳವನ್ನು ಬಿಡಿಸುತ್ತ ಕೂತವರಿಗೆ ಬೇರೆ ವಾದ ಬೇಕಿಲ್ಲ.

ಡೆಕ್ ಕಟ್ಟುವವರು ಬೆಂಚು ಕೀಳುವ ಮೊದಲು ಎರಡು ಸಂಗತಿ ತಿಳಿಯಬೇಕು. ಅಡ್ಡಬೆಂಚುಗಳು ಕೂರಲು ಮಾತ್ರ ಇಲ್ಲ. ದೋಣಿಯ ಪಕ್ಕಗಳು ಹೊರಕ್ಕೆ ಬಿರಿಯದಂತೆ ಹಿಡಿದಿರುವುದು ಅವೇ. ಅವುಗಳ ಹೊಟ್ಟೆಯೊಳಗೇ ತೇಲಿಸುವ ಫೋಮ್ ಕೂಡ ಇರುತ್ತದೆ. ನಡುಬೆಂಚು ಕಿತ್ತರೆ ಅದರ ಬದಲು ಪಕ್ಕದಿಂದ ಪಕ್ಕಕ್ಕೆ ಗಟ್ಟಿ ಅಲ್ಯೂಮಿನಿಯಂ ಅಡ್ಡಪಟ್ಟಿ ಬೇಕು, ಕಳೆದಷ್ಟು ಫೋಮ್ ಬೇರೆಡೆ ಸೇರಬೇಕು. ಒಂದು ಘನ ಅಡಿ ಹಗುರ ಫೋಮ್ ಸುಮಾರು 60 ಪೌಂಡ್ ಎತ್ತಿಹಿಡಿಯುತ್ತದೆ. ಹಳೆಯ ಫೋಮ್ ನೀರು ಕುಡಿದಿದ್ದರೆ ಅದು ತೇಲಿಸುವುದಿಲ್ಲ, ಮುಳುಗಿಸುತ್ತದೆ. ಕಿತ್ತು ಹೊರಗೆ ಹಾಕಿ. ಕಟ್ಟಡಗಳಿಗೆ ಬಳಸುವ ಗುಲಾಬಿ ಬಣ್ಣದ ಪಾಲಿಸ್ಟೈರೀನ್ ಹಲಗೆಯನ್ನು ಕತ್ತರಿಸಿ ತುಂಬುವುದು ಸುಲಭ, ಬೇಕಾದಾಗ ತೆಗೆಯಬಹುದು, ಆದರೆ ಪೆಟ್ರೋಲ್ ಬಿದ್ದರೆ ಕರಗುತ್ತದೆ. ಸುರಿದು ಉಬ್ಬಿಸುವ ಪಾಲಿಯುರೆಥೇನ್‌ಗೆ ಪೆಟ್ರೋಲಿನ ಭಯವಿಲ್ಲ, ಆದರೆ ಲೋಹಕ್ಕೆ ಅಂಟಿಕೊಂಡು ನೀರು ಹರಿದುಹೋಗುವ ದಾರಿ ಮುಚ್ಚಿಬಿಡಬಹುದು. ವಿದ್ಯುತ್ ಮೋಟಾರಿನ ದೋಣಿಗೆ ನಾನು ಮೊದಲನೆಯದನ್ನೇ ಆರಿಸುತ್ತೇನೆ.

ಅಗಲ ತಳದ ಜಾನ್ ದೋಣಿಯಲ್ಲಿ ತಗ್ಗಿನ ಮುಂಡೆಕ್ ನಿಜಕ್ಕೂ ಉಪಯುಕ್ತ; ನಿಂತು ಗಾಳ ಬೀಸುವುದರ ಸುಖವೇ ಬೇರೆ. ಕಿರಿದಾದ ವಿ ತಳದ 14 ಅಡಿ ದೋಣಿಯಲ್ಲಿ ಅಂಚಿನ ಎತ್ತರಕ್ಕೆ ಡೆಕ್ ಕಟ್ಟಿ ಅದರ ಮೇಲೆ ಕುರ್ಚಿ ಇಡುವುದು ಅಪಾಯವನ್ನು ಕೈಯಾರೆ ಕರೆದಂತೆ. ಮಕ್ಕಳನ್ನು ಕರೆದೊಯ್ಯುವವರಿಗೆ ಅಡ್ಡಬೆಂಚಿನ ಹಳೆಯ ವಿನ್ಯಾಸವೇ ಉತ್ತಮ.

ಮೋಟಾರು, ಬ್ಯಾಟರಿ, ಬಣ್ಣ

ವಿದ್ಯುತ್ ಮೋಟಾರಿಗೆ ಚಾಲ್ತಿಯಲ್ಲಿರುವ ಲೆಕ್ಕ, ತುಂಬಿದ ದೋಣಿಯ ಪ್ರತಿ 100 ಪೌಂಡಿಗೆ 2 ಪೌಂಡ್ ಒತ್ತುಬಲ. ಅದು ಗಾಳಿಯಿಲ್ಲದ ದಿನದ ಲೆಕ್ಕ. 14 ಅಡಿಗೆ 12 ವೋಲ್ಟ್‌ನ 55 ಪೌಂಡಿನದು ನೆಮ್ಮದಿ. ಪೂರ್ಣ ವೇಗದಲ್ಲಿ ಅದು 50 ಆಂಪಿಯರ್‌ನ ಆಸುಪಾಸು ಎಳೆಯುತ್ತದೆ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅದರ ಆಯುಸ್ಸು ಕುಗ್ಗುತ್ತದೆ, ಹಾಗಾಗಿ ಒಂದು ಗಂಟೆ. ಅದೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಸುಮಾರು ಎರಡು ಗಂಟೆ ಕೊಡುತ್ತದೆ, ತೂಕ ಅರ್ಧಕ್ಕಿಂತ ಕಡಿಮೆ. ಕೈಯಲ್ಲಿ ಸ್ವಲ್ಪ ಹಣ ಹೆಚ್ಚಿದ್ದು ಎಲ್ಲಿ ಹಾಕಲಿ ಎಂದು ಕೇಳುವವರಿಗೆ ನನ್ನ ಉತ್ತರ ಇದೇ ಬ್ಯಾಟರಿ. ಆದರೆ ಹೆಪ್ಪುಗಟ್ಟುವ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು, ಚಳಿಗಾಲದಲ್ಲಿ ಮನೆಯೊಳಗಿಡಿ.

ಪೆಟ್ರೋಲ್ ಮೋಟಾರಾದರೆ ಹಳೆಯ ಟೂ ಸ್ಟ್ರೋಕ್ ಹಗುರ, ಅಗ್ಗ, ರಿಪೇರಿಗೆ ಸುಲಭ. ಫೋರ್ ಸ್ಟ್ರೋಕ್ ಸದ್ದು, ಹೊಗೆ, ಇಂಧನ ಮೂರರಲ್ಲೂ ಮೇಲು, ಆದರೆ ಭಾರ. ಕೊಳ್ಳುವ ಮುಂಚೆ ಟ್ರಾನ್ಸಮ್‌ನ ಎತ್ತರ ಅಳೆಯಿರಿ: 15 ಅಂಗುಲಕ್ಕೆ ಗಿಡ್ಡ ದಂಡದ ಮೋಟಾರು, 20ಕ್ಕೆ ಉದ್ದ ದಂಡದ್ದು. ವೈರಿಂಗ್‌ನಲ್ಲಿ ದೋಣಿಯ ಮೈಯನ್ನು ಎಂದೂ ನೆಗೆಟಿವ್ ತಂತಿಯಾಗಿ ಬಳಸಬೇಡಿ. ವಿದ್ಯುತ್ ಸೋರಿದರೆ ಲೋಹ ಸವೆಯುತ್ತದೆ.

ಬಣ್ಣದ ಬಗ್ಗೆ ಜನ ಗಂಟೆಗಟ್ಟಲೆ ಮಾತನಾಡುತ್ತಾರೆ. ಸಿಹಿನೀರಿನಲ್ಲಿ ಬಳಿಯದ ಅಲ್ಯೂಮಿನಿಯಂಗೆ ಏನೂ ಆಗುವುದಿಲ್ಲ. ಬಳಿಯಲೇಬೇಕೆಂದರೆ ಲೋಹವನ್ನು ಕಚ್ಚುವ ಸೆಲ್ಫ್ ಎಚಿಂಗ್ ಪ್ರೈಮರ್ ಮೊದಲು, ಮೇಲೆ ಮೆರೈನ್ ಎನಾಮಲ್. ತಾಮ್ರ ಬೆರೆತ ತಳದ ಬಣ್ಣ ಬೇಡ. ಭಾರಮಿತಿಯ ಫಲಕದ ಮೇಲೆ ಬಣ್ಣ ಹರಿಯದಿರಲಿ.

ಯಾರಿಗೆ ಯಾವುದು

ಟ್ರಾನ್ಸಮ್ ಗಟ್ಟಿಯಾಗಿದ್ದು, ಹನಿಯುವ ರಿವೆಟ್‌ಗಳು ಬೆರಳೆಣಿಕೆಯಷ್ಟಿದ್ದು, ವರ್ಷಕ್ಕೆ ಕೆಲವೇ ಸಲ ಹೋಗುವವರು ಎಪಾಕ್ಸಿ ಬಳಿದು ಈ ಬೇಸಿಗೆಯಲ್ಲೇ ನೀರಿಗೆ ಇಳಿಸಲಿ. ಒಂದು ಋತು ಬಳಸಿದ ಮೇಲೆ ನಿಮಗೆ ಏನು ಬೇಕೆಂಬುದು ನಿಮಗೇ ಗೊತ್ತಾಗಿರುತ್ತದೆ. ಡೆಕ್ ಬೇಕೆಂದುಕೊಂಡವರಲ್ಲಿ ಹಲವರಿಗೆ ನಿಜಕ್ಕೂ ಬೇಕಿದ್ದದ್ದು ಬೆನ್ನಿಗೆ ಆಸರೆಯಿರುವ ಕುರ್ಚಿ. ಟ್ರಾನ್ಸಮ್ ಕೊಳೆತಿದ್ದರೆ, ಗ್ಯಾರೇಜೂ ಒಂದು ಚಳಿಗಾಲವೂ ಕೈಯಲ್ಲಿದ್ದರೆ ಪೂರ್ತಿ ಬಿಚ್ಚಿ ಮೊದಲಿನಂತೆ ಕಟ್ಟುವುದೇ ಸರಿ. ಶ್ರಮಕ್ಕೆ ತಕ್ಕ ಫಲ ಸಿಗುವುದು ಇಲ್ಲೇ. ಡೆಕ್ಕಿನ ದಾರಿ, 16 ಅಡಿ ಅಥವಾ ಮೇಲ್ಪಟ್ಟ ಅಗಲ ದೋಣಿ ಇದ್ದು, ಸಾಮಾನ್ಯವಾಗಿ ಇಬ್ಬರೇ ಹೋಗುವವರಿಗೆ. ಹಾಕಿದ ಹಣ ಮಾರುವಾಗ ವಾಪಸ್ಸು ಬರುತ್ತದೆಂದು ಮಾತ್ರ ಎಣಿಸಬೇಡಿ. ಹಳೆಯ ದೋಣಿಯ ಬೆಲೆ ನಿರ್ಧಾರವಾಗುವುದು ಮೋಟಾರು ಮತ್ತು ಟ್ರೈಲರಿನ ಮೇಲೆ.

ಹೊಸದನ್ನು ಕೊಳ್ಳಬೇಕಾದ್ದು ಹಲವು ಪಕ್ಕೆಗಳು ಬಿರುಕು ಬಿಟ್ಟಾಗ, ತಳ ಒಳಕ್ಕೆ ಬಾಗಿದಾಗ, ಅಥವಾ ಫೋಮಿನ ಕೆಳಗೆ ಲೋಹ ಸೂಜಿತೂತುಗಳಿಂದ ಜರಡಿಯಾದಾಗ. ಕಾಗದಪತ್ರ ಇಲ್ಲದಾಗಲೂ ಅಷ್ಟೇ. 1972ರ ಕೊನೆಯಿಂದ ಈಚಿನ ದೋಣಿಗಳಿಗೆ 12 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಟ್ರಾನ್ಸಮ್‌ನ ಬಲಮೇಲ್ಭಾಗದಲ್ಲಿರುತ್ತದೆ. ಮಾರುವವರ ಬಳಿಯ ನೋಂದಣಿ ಕಾಗದದ ಜೊತೆ ಅದನ್ನು ತಾಳೆ ನೋಡದೆ ಹಣ ಕೊಡಬೇಡಿ.

ಟ್ರೈಲರನ್ನು ಎಲ್ಲರೂ ಕೊನೆಗೆ ನೋಡುತ್ತಾರೆ, ನೋಡಬೇಕಾದದ್ದು ಮೊದಲು. ಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ತಿರುಗಿಸಿ. ಗೊರಗೊರ ಎಂದರೆ ಅಥವಾ ಅಕ್ಕಪಕ್ಕ ಅಲುಗಿದರೆ ಮನೆಗೆ ಎಳೆದು ತರುವ ಮೊದಲೇ ಬೇರಿಂಗ್ ಬದಲಿಸಿ, ಗ್ರೀಸು ತುಂಬಿ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಪಟ್ಟಿ ಸವೆಯದೆ ಹೊಸದರಂತೆ ಕಂಡರೂ ಹತ್ತು ವರ್ಷ ದಾಟಿದ ಟೈರಿನ ಮೇಲೆ ಹೆದ್ದಾರಿಗೆ ಇಳಿಯಬೇಡಿ.